ಪಾಲಾಕ್ಷಪ್ಪ ಮೇಷ್ಟ್ರು ತಟ್ಟೆ ಆರಿಸಿದ್ದು

ಕೂಡ್ಲಿಗಿಯ ಡ್ರಾಯಿಂಗ್ ಮೇಷ್ಟ್ರು ಪಾಲಾಕ್ಷಪ್ಪನವರಿಗೂ ಅವರ ಹೆಂಡತಿ ಪಂಪಮ್ಮನಿಗೂ ದಿನಾ ತಲೆ ಡಿಕ್ಕಿ ಹೊಡೆಯುತ್ತಿತ್ತು. ಅಭಿಪ್ರಾಯಗಳ ಡಿಕ್ಕಿಯಲ್ಲ (ಅದು ಬೇರೆ ಇತ್ತು), ನಿಜವಾದ ತಲೆಗಳದೇ. ಮೇಷ್ಟ್ರ ಲ್ಯಾಪ್‌ಟಾಪಿನ ಪರದೆ ಅಂಗೈಯಗಲ. ಇಬ್ಬರೂ ಒಟ್ಟಿಗೆ ಸಿನಿಮಾ ನೋಡಬೇಕೆಂದರೆ ಕಿವಿಗೆ ಕಿವಿ ಹಚ್ಚಿ ಕೂರಬೇಕು. ನಾಯಕಿ ಅತ್ತಾಗ ಪಂಪಮ್ಮ ಕಣ್ಣೊರೆಸಿಕೊಳ್ಳಲು ಬಾಗುವಳು, ಮೇಷ್ಟ್ರ ಕನ್ನಡಕ ಹಾರುವುದು.

"ದೊಡ್ಡದು ತರೋಣು," ಎಂದು ಒಂದು ಭಾನುವಾರ ಮೇಷ್ಟ್ರು ಘೋಷಿಸಿದರು.

ಅದು ಎರಡು ಸಾವಿರದ ಏಳನೇ ಇಸವಿ. ಅಂದು ಹಗರಿಬೊಮ್ಮನಹಳ್ಳಿಯಿಂದ ಅತ್ತೆ ಅಂಜಿನಕ್ಕ, ಪಂಪಮ್ಮನ ತಮ್ಮ ಮೌನೇಶ ಇಬ್ಬರೂ ಬಂದಿದ್ದರು. (ಆ ಹುಡುಗನಿಗೆ ಮಾತು ಬರುವ ಮುಂಚೆಯೇ ಹೆಸರಿಟ್ಟಿರಬೇಕು.) ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಡಿವಿಡಿ ಕಾಲ ಮುಗೀತು. ಈಗ ಹೊಸ ತಟ್ಟಿ ಎರಡು ಥರ ಬಂದಾವ. ಒಂದು ಎಚ್‌ಡಿ ಡಿವಿಡಿ, ಇನ್ನೊಂದು ಬ್ಲೂ-ರೇ. ಪರದಿ ಮ್ಯಾಲೆ ಸೊಳ್ಳಿ ಕೂತ್ರ ಅದರ ಕಾಲೂ ಎಣಿಸಬೌದು. ಆದ್ರ ಇದರ ತಟ್ಟಿ ಅದರಾಗ ಓಡಂಗಿಲ್ಲ. ಎರಡರಾಗ ಒಂದು ಉಳೀತೈತಿ, ಒಂದು ಸಾಯ್ತೈತಿ. ನಾನಂತೂ ಬ್ಲೂ-ರೇ ಇರೋ ದೊಡ್ಡ ಲ್ಯಾಪ್‌ಟಾಪೇ ತರಾವ."

"ಎಚ್‌ಡಿನ ಗೆಲ್ಲೋದು ಮಾಮಾ," ಅಂದ ಮೌನೇಶ. ಅವನದು ಟೈರಿನಂಗಡಿ. ಡಿಸ್ಕಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದು ದುಂಡಗಿರುತ್ತದೆ ಎಂಬುದಷ್ಟೇ. ಆದರೆ ಮಾಮ ಪೂರ್ವ ಅಂದರೆ ತಾನು ಪಶ್ಚಿಮ ಅನ್ನುವುದು ಅವನ ಕುಲವ್ರತ.

ಘನಘೋರ ಯುದ್ಧವಾಯಿತು. ಮಿರ್ಚಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದ ಪಂಪಮ್ಮನ ಕಿವಿಗೆ ಬಿದ್ದದ್ದು ಎರಡೇ ತುಣುಕು.

"ಏನು ತರ್ತೀರಿ? ಬ್ಲೂ? ನಮ್ಮವ್ವ ಎದುರಿಗೇ ಕುಂತಾಳ, ನಾಚಿಕಿ ಬರಂಗಿಲ್ಲೇನ್ರಿ! ಸಾಲಿ ಮಾಸ್ತರು ನೀವು! ಸೊಳ್ಳಿ ಕಾಲು ಎಣಿಸಾಕಂತ! ಯಾರ ಕಾಲು ಎಣಿಸಾಕೋ, ಏನೋ!"

"ಅಲ್ಲಲೇ, ಅದು ನೀಲಿ ಕಿರಣ..."

"ಕಿರಣ ಅಂದ್ರ ಯಾರಾಕಿ?" ಎಂದರು ಅಂಜಿನಕ್ಕ, ಸೆರಗು ತಲೆಮೇಲೆ ಎಳೆದುಕೊಳ್ಳುತ್ತಾ.

ಮೇಷ್ಟ್ರಿಗೆ ಬೆವರೊಡೆಯಿತು. ಹದಿನೆಂಟು ವರ್ಷ ಕಾಪಾಡಿಕೊಂಡು ಬಂದ ಅಳಿಯತನ ಮಿರ್ಚಿಯಷ್ಟೇ ಬಿಸಿಯಾಗಿ ಎಣ್ಣೆಯಲ್ಲಿ ತೇಲುತ್ತಿತ್ತು. ತಟ್ಟನೆ ಪಕ್ಷ ಬದಲಿಸಿದರು.

"ಛೇ, ಬ್ಲೂ ಯಾವನಿಗೆ ಬೇಕು! ಎಚ್‌ಡಿನ ತರ್ತೀನಿ. ಅದ ಸಂಸಾರಸ್ಥರ ತಟ್ಟಿ."

"ಹಂಗಾದ್ರ ಬ್ಲೂ-ರೇನ ಗೆಲ್ಲೋದು ಮಾಮಾ," ಅಂದ ಮೌನೇಶ.

ಎಚ್‌ಡಿ ಲ್ಯಾಪ್‌ಟಾಪು ಬಂತು. ತೊಡೆಯ ಮೇಲೆ ಇಡುವುದರಿಂದಲೇ ಅದಕ್ಕೆ ಆ ಹೆಸರು ಎಂದು ಮೇಷ್ಟ್ರು ವಿವರಿಸಿದರು. ಇಟ್ಟುಕೊಂಡರೆ ಅವರವೆರಡೂ ಸಾಲದೆ ಪಂಪಮ್ಮನದೊಂದು ತೊಡೆಯನ್ನು ಕಡ ಪಡೆಯಬೇಕಾಯಿತು. ಅದರಲ್ಲಿ ಹಾಕಲು ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಎಚ್‌ಡಿ ತಟ್ಟೆ: ಸಮುದ್ರದ ಮೀನುಗಳು. ದಿನಾ ಸಂಜೆ ಅದೇ ಮೀನು. ಪಕ್ಕದ ಮನೆಯ ಜಂಬಕ್ಕ ಬಂದು ಬಲು ಹೊತ್ತು ನೋಡಿ, "ಚಂದ ಅದಾವ. ಇವನ್ನ ಸಾರು ಮಾಡಾಕ ಬರ್ತೈತೇನು?" ಎಂದು ಕೇಳಿ ಹೋದಳು.

ಮೀನುಗಳ ಹೆಸರೆಲ್ಲ ಬಾಯಿಪಾಠವಾಗುವ ಹೊತ್ತಿಗೆ ಪೇಪರಿನಲ್ಲಿ ಸುದ್ದಿ ಬಂತು. ಎಚ್‌ಡಿ ಡಿವಿಡಿಯನ್ನು ಹುಟ್ಟಿಸಿದ ಕಂಪನಿಯೇ ಅದರ ಕೈಬಿಟ್ಟಿತ್ತು. ಮೇಷ್ಟ್ರು ಆ ಪೇಪರನ್ನು ಮಡಚಿ ಮಂಡಕ್ಕಿ ಅಂಗಡಿಗೆ ದಾನ ಮಾಡಿಬಿಟ್ಟರು.

ಆದರೆ ಮುಂದಿನ ವಾರ ತವರಿಗೆ ಹೋಗಿಬಂದ ಪಂಪಮ್ಮನ ಮುಖ ಅರಳಿತ್ತು.

"ರೀ, ಮೌನೇಶ ಬ್ಲೂ-ರೇ ಅಂತ ತಂದಾನ. ಏನ್ ಚಂದ ಕಾಣ್ತೈತ್ರೀ! ಅವ್ವ ಅದರ ಮುಂದ ಕುಂತಾಕಿ ಏಳವಲ್ಲಳು. ನಿಮಗ ಅಂಥಾದ್ದು ತರಬೇಕಂತ ಹೊಳೀಲೇ ಇಲ್ಲ ನೋಡ್ರಿ."

ಮೇಷ್ಟ್ರ ರಕ್ತ ಕುದಿಯಿತು. "ಏ! ಮೊದಲು ಬ್ಲೂ-ರೇ ಅಂದಾವನ ನಾನು! ಬ್ಯಾಡ ಅಂದಾಕಿ ನೀನು!"

ಪಂಪಮ್ಮ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನೇ ಒಂದು ಗಳಿಗೆ ನೋಡಿದಳು. ಕಣ್ಣುಗಳು ನಿಧಾನಕ್ಕೆ ಕಿರಿದಾದವು.

"ನಾನು ಬ್ಯಾಡ ಅಂದೆ, ಖರೆ. ಒಳ್ಳೇ ವಸ್ತು ಆಗಿದ್ರ ನೀವು ಹಟ ಹಿಡೀತಿದ್ರಿ, ಕೂಗಾಡ್ತಿದ್ರಿ. ಒಂದ ಮಾತಿಗೆ ಹೆದರಿ ಬಿಟ್ಟುಕೊಟ್ರಲ್ಲ... ಅಂದ್ರ, ಅವತ್ತು ನಿಮ್ಮ ಮನಸಿನ್ಯಾಗಿದ್ದದ್ದು ಬ್ಯಾರೇ ಬ್ಲೂನ!"