ವ್ಯಾನಿನ ಖಟಕಾಕ್ಕೆ ವಿಭೂತಿ

ಹೊಸ ವಸ್ತು ಕೈಗೆ ಬಂದರೆ ಅದನ್ನು ಉಪಯೋಗಿಸುವವರು ಬೇರೆ, ಅದು ಎಲ್ಲಿ ಕೆಟ್ಟೀತೋ ಎಂದು ಕಾಯುತ್ತ ಕೂಡುವವರು ಬೇರೆ. ನಾನು ಎರಡನೆಯ ಪಂಗಡದ ಮುಖಂಡ. ಊರೂರು ತಿರುಗಿ ಮಲೇರಿಯಾ ಜ್ವರದ ಚಿತ್ರ ತೋರಿಸಲು ಇಲಾಖೆಯವರು ನನಗೊಂದು ವ್ಯಾನು ಕೊಟ್ಟಿದ್ದರು. ಅದರಲ್ಲೇ ಮಂಚ, ಅದರಲ್ಲೇ ಸ್ಟೋವು, ಹೆಂಡತಿಯ ಬೈಗುಳವೊಂದನ್ನು ಬಿಟ್ಟು ಮನೆಯ ಸಕಲ ಸುಖ. ಚೇಳು ಬಂದೀತೆಂದು ನಾನು ಒಳಗಿನ ದೀಪ ಆರಿಸದೆ ಮಲಗುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಪ್ರಾಣ ಬಿಟ್ಟಿರುತ್ತಿತ್ತು. ಎರಡು ಸಲ ಹೀಗಾದ ಮೇಲೆ ಇಲಾಖೆಯ ದೊಡ್ಡ ಡಾಕ್ಟರು, "ಇನ್ನೊಮ್ಮೆ ವ್ಯಾನು ನಿಂತರೆ ನಿಮಗೆ ಮತ್ತೆ ಸೈಕಲ್ಲೇ" ಎಂದುಬಿಟ್ಟರು. ನನ್ನ ಮೊಣಕಾಲಿಗೂ ಸೈಕಲ್ಲಿಗೂ ಹಳೆಯ ವೈರ.

ಲಿಂಗಸುಗೂರಿನ ಮಿಸ್ತ್ರಿ ಇಮಾಮಸಾಬ ಬ್ಯಾಟರಿಯ ತಂತಿಯ ನಡುವೆ ಒಂದು ಖಟಕಾ, ಅಂದರೆ ಕರೆಂಟು ಕಡಿಯುವ ಸ್ವಿಚ್ಚು, ಕೂಡಿಸಿದ. ತಾಮ್ರದ ಎರಡು ದವಡೆ, ಅವುಗಳೊಳಗೆ ಕಚ್ಚಿ ಕೂಡುವ ತಾಮ್ರದ ಪಟ್ಟಿ, ಅದಕ್ಕೊಂದು ಕಟ್ಟಿಗೆಯ ಹಿಡಿಕೆ. "ಮಲಗೂ ಮುಂದ ಎತ್ರಿ, ಹೊಂಡೂ ಮುಂದ ಒತ್ರಿ. ಚೇಳಿನ ಅಂಜಿಕಿ ಇದ್ರ ಕಂದೀಲು ಹಚ್ಚಿಕೊಳ್ರಿ," ಎಂದ. ಇಷ್ಟಕ್ಕೊಬ್ಬ ಮಿಸ್ತ್ರಿ ಬೇಕೇ ಎಂದು ಮೂಗು ಮುರಿದು ಮಸ್ಕಿಗೆ ಹೊರಟೆ.

ಮರುದಿನ ಸೋಮವಾರ. ಸಂಜೆಗೆ ಸಿಂಧನೂರಿನಲ್ಲಿ ದೊಡ್ಡ ಡಾಕ್ಟರ ಎದುರೇ ಚಿತ್ರ ತೋರಿಸಬೇಕು. ನಮ್ಮ ಕಡೆ ಹೊಲ ಊಳುವ ಹೊಸ ರಂಟೆಯಾಗಲಿ, ಹೊಸ ತಕ್ಕಡಿಯಾಗಲಿ ಪೂಜೆಯಾಗದೆ ಕೆಲಸಕ್ಕೆ ಹತ್ತುವುದಿಲ್ಲ. ಮಿಸ್ತ್ರಿಗೆ ತಿಳಿಯದ ಈ ಕೊರತೆಯನ್ನು ತುಂಬಲು ನಾನೇ ವಿಭೂತಿ ತೇಯ್ದು ನನ್ನ ಹಣೆಗೂ ಖಟಕಾದ ಪಟ್ಟಿಗೂ ಮೂರು ಬೆರಳು ಎಳೆದೆ. ಕೆಡುಕು ಕಾಣದ ಜಾಗದಲ್ಲೇ ಅಡಗುವುದೆಂದು ದವಡೆಗಳ ಒಳಗೂ ಧಾರಾಳವಾಗಿ ಮೆತ್ತಿದೆ. ಒಣಗಿದ ಮೇಲೆ ಭಕ್ತಿಯಿಂದ ಒತ್ತಿದೆ.

"ಸಾಹೇಬ್ರ, ಗಾಡಿ ಉಸುರೂ ಬಿಡವಲ್ದು," ಎಂದ ಡ್ರೈವರ್ ಬಸಣ್ಣ.

"ಮಂದೀನ ಕರದು ನೂಕಸಲೇ!" ಎಂದೆ.

ಮಸ್ಕಿಯ ಬಜಾರಿನ ಉದ್ದಕ್ಕೂ ಹತ್ತು ಜನ ನೂಕಿದರು. ಮೆಣಸಿನಕಾಯಿ ಮಾರುವ ಮುದುಕಿ, "ಜ್ವರದ ಗಾಡಿಗೇ ಜ್ವರ ಬಂದೈತೇನ್ರೀ?" ಎಂದಳು. ನನ್ನ ಕಣ್ಣಿಗೆ ಸೈಕಲ್ಲು ಕಾಣತೊಡಗಿತು. 'ನಿನ್ನ ಗುಜರಿ ಖಟಕಾಕ್ಕೂ ನಿನಗೂ ಬೆಂಕಿ ಬೀಳಲಿ' ಎಂದು ಮಿಸ್ತ್ರಿಗೆ ಚೀಟಿ ಬರೆದು ಲಿಂಗಸುಗೂರಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ.

ಮಧ್ಯಾಹ್ನದ ಬಸ್ಸಿಗೆ ಇಮಾಮಸಾಬ ಇಳಿದ. ಖಟಕಾ ಎತ್ತಿ ನೋಡಿದ. ಹತಾರದ ಚೀಲ ಬಿಚ್ಚಲೂ ಇಲ್ಲ. ಹೆಗಲ ಮೇಲಿನ ವಸ್ತ್ರದಿಂದ ಗಸಗಸ ತಿಕ್ಕಿ ಒತ್ತಿದ. ವ್ಯಾನು ಗುರ್ರೆಂದಿತು.

"ಬೂದಿ ದಾಟಿ ಕರೆಂಟು ಹರಿಯಂಗಿಲ್ರಿ, ಸಾಹೇಬ್ರ. ಇನ್ನ ಪೂಜಿ ಮಾಡೂದಿದ್ರ ಹಿಡಿಕಿಗೆ ಮಾಡ್ರಿ." ಆಮೇಲೆ ಕಿಸೆಯಿಂದ ನನ್ನ ಚೀಟಿ ತೆಗೆದು ಕೊಟ್ಟ. "ನನಗ ಓದಾಕ ಬರಂಗಿಲ್ರಿ. ಕಂಡಕ್ಟರ್ ಓದಿದ. ಬಸ್ಸಿನ ಮಂದಿಯೆಲ್ಲಾ ಕೇಳ್ಯಾರ."

ಸಂಜೆ ಸಿಂಧನೂರಿನಲ್ಲಿ ಚಿತ್ರ ಸರಾಗವಾಗಿ ನಡೆಯಿತು. ದೊಡ್ಡ ಡಾಕ್ಟರು ಖಟಕಾ ನೋಡಿ ಮೆಚ್ಚಿ, "ಇದನ್ನು ಹೇಗೆ ಕಾಪಾಡುತ್ತೀರಿ?" ಎಂದು ಕೇಳಿದರು. "ತಾಮ್ರ ಸ್ವಚ್ಛವಿರಬೇಕು, ಸರ್. ಕೆಲವು ಮೂಢರು ಇದಕ್ಕೂ ವಿಭೂತಿ ಮೆತ್ತುತ್ತಾರೆ," ಎಂದೆ.

ಡಾಕ್ಟರು ತಲೆದೂಗಿದರು. ಬಸಣ್ಣ ಮಾತ್ರ ನನ್ನ ಹಣೆಯ ವಿಭೂತಿಯ ಮೂರು ಪಟ್ಟಿಗಳನ್ನೇ ನೋಡುತ್ತ, ತನ್ನ ಹೆಗಲಿನ ವಸ್ತ್ರವನ್ನು ಮೆಲ್ಲಗೆ ನನ್ನತ್ತ ಚಾಚಿದ.