ವಟ್ವಾದ ಶಾಲೆಗೊಂದು ಅಳತೆಗೋಲು

ಶಾಲೆಗೆ ಸುತ್ತೋಲೆ ಬಂದಾಗಲೆಲ್ಲ ತಲೆ ಕೆಡುವುದು ಮಕ್ಕಳಿಗಲ್ಲ, ನಮಗೆ. ಮದುವೆಯಾಗಿ ಉಡುಪಿಯಿಂದ ಅಹಮದಾಬಾದಿನ ವಟ್ವಾಕ್ಕೆ ಬಂದ ನಾನು ಇಲ್ಲಿಯ ಶಾಲೆಯಲ್ಲಿ ಹತ್ತು ವರ್ಷದಿಂದ ತಾತ್ಕಾಲಿಕ ಟೀಚರ್. ಈ ಸಲದ ಸುತ್ತೋಲೆ ಹೀಗಿತ್ತು: "ಮಾರ್ಕ್ಸ್ ಒಂದೇ ಸಾಲದು. ಮಗುವಿನ ಯಶಸ್ಸು ಅಳೆಯುವುದು ಹೇಗೆಂದು ಊರವರನ್ನು ಕೇಳಿ ನೀವೇ ನಿರ್ಧರಿಸಿ." ಹೆಡ್‌ಮಾಸ್ಟರು ಅದನ್ನು ನನ್ನ ತಲೆಗೆ ಕಟ್ಟಿದರು. "ಅಧಿಕಾರಿ ಒಪ್ಪಿದರೆ ನಿಮ್ಮ ಕೆಲಸ ಕಾಯಂ" ಎಂದರು. ಆಸೆ ಯಾರನ್ನು ಬಿಟ್ಟಿದೆ?

೧. ಕೈ ನೋಡಿ

ಪಾಲಕರ ಸಭೆ ಕರೆದೆ. ಬಣ್ಣದ ಕಾರ್ಖಾನೆಯ ಕೆಲಸಗಾರನೊಬ್ಬ ಎದ್ದುನಿಂತ. ಇಲ್ಲಿಯವರಿಗೆ ಟೀಚರೆಂದರೆ 'ಬೆನ್', ಅಂದರೆ ಅಕ್ಕ.

"ಟೀಚರ್ ಬೆನ್, ನಮ್ಮಲ್ಲಿ ದುಡಿದವ ಯಾರು ಅಂತ ಕೈಯ ಬಣ್ಣ ನೋಡಿದ್ರೆ ಗೊತ್ತಾಗ್ತದೆ. ಮಕ್ಕಳದ್ದೂ ಕೈ ನೋಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅವನ ಕೈ ನೋಡಿದೆ. ಕೈ ಫಳಫಳ ಹೊಳೆಯುತ್ತಿತ್ತು.

"ಶಾಲೆಗೆ ಬರ್ಬೇಕಲ್ಲ ಬೆನ್, ಬೆಳಿಗ್ಗೆಯಿಂದ ತಿಕ್ಕಿದ್ದೇನೆ."

೨. ಪುಕ್ಕಟೆ ಕೊತ್ತಂಬರಿ

ಒಬ್ಬ ತಾಯಿ ಎದ್ದು, "ತರಕಾರಿ ಕೊಂಡು, ಮೇಲೆ ಪುಕ್ಕಟೆ ಕೊತ್ತಂಬರಿ ಕೇಳಿ ತರುವ ಮಗುವೇ ಜಾಣ" ಎಂದರು. ಇದು ಪರೀಕ್ಷಿಸಲು ಸುಲಭ, ತರಗತಿಗೆ ಅದನ್ನೇ ಹೋಂವರ್ಕ್ ಕೊಟ್ಟೆ. ಮರುದಿನ ಅರ್ಧ ತರಗತಿ ಕೊತ್ತಂಬರಿ ಹಿಡಿದು ಬಂತು. ಹಿಂದಿನ ಬೆಂಚಿನ ಹುಡುಗಿಯ ಕೈ ಖಾಲಿ.

"ಕೇಳಲಿಕ್ಕೆ ನಾಚಿಕೆಯಾಯ್ತಾ?"

"ಇಲ್ಲ ಟೀಚರ್, ತರಕಾರಿ ಗಾಡಿ ನಮ್ಮದೇ. ಉಳಿದ ಅರ್ಧ ತರಗತಿಯನ್ನು ಬರಿಗೈಯಲ್ಲಿ ಕಳಿಸಿದ್ದು ನಾನು."

ಯಾರಿಗೆ ಮಾರ್ಕ್ಸ್ ಕೊಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

೩. ಊರವರು ಯಾರು?

ಅಂತೂ ವರದಿ ಬರೆದೆ. ಅಧಿಕಾರಿ ಬಂದು ಓದಿ ತಲೆದೂಗಿದರು. ನನಗೆ ಜೀವ ಬಂತು.

"ಕೆಳಗೆ ಸ್ಥಳೀಯರೊಬ್ಬರ ಸಹಿ ಬೇಕು. ನೀವು?"

"ಉಡುಪಿ, ಸರ್."

ಹೆಡ್‌ಮಾಸ್ಟರು ವಡೋದರಾದವರು. ಜವಾನ ರಾಜಸ್ಥಾನದವನು. ಪಾಲಕರೆಲ್ಲ ಆ ಹೊತ್ತಿಗೆ ಕಾರ್ಖಾನೆಯಲ್ಲಿ. ಅಧಿಕಾರಿಯೇ ಸೂರತ್‌ನವರು! ಹೋಯ್ತು ಕಾಯಂ ಕೆಲಸ ಎಂದುಕೊಂಡೆ.

"ವಟ್ವಾದಲ್ಲೇ ಹುಟ್ಟಿದವರು ಯಾರೂ ಇಲ್ವೇ?" ಎಂದು ಅವರು ಏಳನೇ ತರಗತಿಯನ್ನೇ ಕೇಳಿಬಿಟ್ಟರು.

ಮೊದಲು ಎದ್ದ ಕೈ ಅದೇ ತರಗತಿಯಲ್ಲಿ ಓದುವ ನನ್ನ ಮಗಳದ್ದು. ಅಧಿಕಾರಿಗೂ ಸಾಕಾಗಿತ್ತು, ವರದಿಯನ್ನು ಅವಳ ಮುಂದಿಟ್ಟರು. ಅವಳು ನನ್ನ ಕೆಂಪು ಪೆನ್ನು ಕೇಳಿ ತೆಗೆದುಕೊಂಡು, ನಿಧಾನವಾಗಿ ಓದಿ, ಎರಡು ಕಡೆ ಸುತ್ತು ಹಾಕಿದಳು. ಕೊನೆಗೆ ಸಹಿ ಹಾಕಿದಳು. ಶಾಲೆಯಲ್ಲಿ ಅವಳಿಗೆ ನಾನು ಅಮ್ಮನಲ್ಲ, ಟೀಚರ್. ಅದು ನಾನೇ ಮಾಡಿದ ನಿಯಮ.

"ಪಾಸ್ ಮಾಡಿದ್ದೇನೆ ಟೀಚರ್" ಎಂದಳು ಗಂಭೀರವಾಗಿ. "ಆದ್ರೆ ನಾಳೆ ನಿಮ್ಮ ಪೇರೆಂಟ್ಸನ್ನು ಕರ್ಕೊಂಡು ಬನ್ನಿ."