ತೊಲೆ ಅಲ್ಲ, ಬೀಮು

ಕನ್ನಡ ಮೇಷ್ಟರ ಕೆಲಸ ಒಂದು ಚಟ, ನಿವೃತ್ತಿಯಾದರೂ ಬಿಡುವುದಿಲ್ಲ. ಯಾರಾದರೂ ಒಂದು ಪದ ಆಡಿದರೆ ಸಾಕು, ಅದರ ಅರ್ಥ ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ. ನನ್ನ ಹೆಂಡತಿ ಗಿರಿಜಾ 'ಮಜ್ಜಿಗೆ ಬೇಕೇ' ಎಂದು ಕೇಳುವಾಗಲೂ ಎಚ್ಚರದಿಂದಿರುತ್ತಾಳೆ. ಈ ಚಟದಿಂದ ಇದುವರೆಗೆ ಯಾರಿಗೂ ಕೇಡಾಗಿರಲಿಲ್ಲ. ಮೊನ್ನೆ ಮಾತ್ರ ಅಕ್ಕ ಹರಿಹರದ ಬಸ್ಸು ಹತ್ತಿಬಿಡುವುದರಲ್ಲಿದ್ದಳು.

ಅಕ್ಕ ಎಂದರೆ ನನ್ನನ್ನು ಎತ್ತಿ ಆಡಿಸಿದವಳು. ಇನ್ನು ನಮ್ಮ ಜೊತೆಗೇ ಇದ್ದುಬಿಡು ಎಂದು ಗೋಗರೆದೂ ಗೋಗರೆದೂ ಕೊನೆಗೆ ಹರಿಹರದಿಂದ ದಾವಣಗೆರೆಗೆ ಕರೆತಂದಿದ್ದೆವು. ಹೊಸ ಮನೆಯಲ್ಲಿ ಅವಳಿಗೆಂದೇ ಒಂದು ಚಿಕ್ಕ ಕೋಣೆ. ಬಂದ ದಿನ ಮಂಡಕ್ಕಿ ಮೆಣಸಿನಕಾಯಿ ತಿಂದು ಅಲ್ಲಿ ಅಡ್ಡಾದವಳು, ಸ್ವಲ್ಪ ಹೊತ್ತಿಗೆಲ್ಲ ತಲೆದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಳು.

"ತೊಲೆ ಕೆಳಗೆ ನಾನು ಮಲಗಲ್ಲಪ್ಪ."

"ಅದು ತೊಲೆ ಅಲ್ಲಕ್ಕ, ಬೀಮು."

"ಬೀಮು ಅಂದ್ರೆ?"

ಕೇಳಬಾರದಿತ್ತು. ತೊಲೆ ಎಂದರೆ ಮರದ್ದು, ಕಂಬದಿಂದ ಕಂಬಕ್ಕೆ ಅಡ್ಡ ಕೂರಿಸುವುದು. ಅದರ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಇದಾದರೋ ಕಬ್ಬಿಣ, ಸಿಮೆಂಟು, ಚಾವಣಿಯ ಜೊತೆಗೇ ಒಂದಾಗಿ ಎರಕ ಹೊಯ್ದದ್ದು. ಅಷ್ಟಕ್ಕೆ ನಿಲ್ಲಿಸಿದೆನೇ? ಸನ್ಮಾನ ಮಾಡುವಾಗ ಎಲ್ಲರನ್ನೂ ಆಧಾರಸ್ತಂಭ ಎಂದು ಹೊಗಳುತ್ತಾರೆ, ಆ ಸ್ತಂಭದ ಮೇಲೆ ಅಡ್ಡ ಬಿದ್ದು ಇಡೀ ಮಾಳಿಗೆ ಹೊರುವ ತೊಲೆಯ ಹೆಸರನ್ನು ಯಾರೂ ಎತ್ತುವುದಿಲ್ಲ ಎಂದು ಮರುಗಿದೆ. ಒಂದು ಜಂತಿಯೂ ಇಲ್ಲದ ಆರ್‌ಸಿಸಿ ಶಾಲೆಯಲ್ಲಿ ಕೂತು ಮೇಲೆ ನೋಡುವ ಹುಡುಗರನ್ನು ನಾನೇ 'ಏನೋ, ಜಂತಿ ಎಣಿಸ್ತೀಯಾ?' ಎಂದು ಗದರುತ್ತಿದ್ದುದು ನೆನಪಾಗಿ ಅದನ್ನೂ ಹೇಳಿದೆ. ಅಕ್ಕ ಆಕಳಿಸಿದಳು.

"ಪಾಠ ಆತಾ? ನಾಳೆ ನಾನು ಊರಿಗೆ ಹೋಗ್ತೀನಿ."

ಕೋಣೆಯಲ್ಲಿ ಮಂಚವನ್ನು ಎತ್ತ ತಿರುಗಿಸಿದರೂ ಬೀಮು ತಪ್ಪುತ್ತಿರಲಿಲ್ಲ. ಗಿರಿಜಾ ನನ್ನನ್ನು ಅಡುಗೆಮನೆಗೆ ಕರೆದು, "ಅರ್ಥ ಹೇಳೋದು ಬಿಟ್ಟು, ಯಾಕ ಅಂತ ಒಂದ್ ಮಾತು ಕೇಳ್ರಿ ಅವರನ್ನ" ಎಂದು ಗದರಿದಳು. ಹೋಗಿ ಕೇಳಿದೆ.

ಅಕ್ಕ ಮದುವೆಯಾಗಿ ಹೋದದ್ದು ಹರಿಹರದ ಒಂದು ಹಳೆಯ ಮಾಳಿಗೆ ಮನೆಗೆ. ಮಲಗುವ ಜಾಗದ ನೇರಕ್ಕೇ ತೊಲೆ. ಗೆದ್ದಲು ಹಿಡಿದು ಸೀಳುಬಿಟ್ಟಿತ್ತಂತೆ.

"ಮಳೆ ಹಿಡೀತು ಅಂದ್ರೆ ಲಟಕ್ ಅಂತಿತ್ತು ಕಣೋ. ಹುಡುಗ್ರ ಮ್ಯಾಲೆ ಕೈ ಅಡ್ಡ ಇಟ್ಕಂಡು ಅದನ್ನೇ ನೋಡ್ಕಂತ ಬಿದ್ದಿರ್ತಿದ್ದೆ. ಬಿದ್ರೆ ನನ್ ಕೈ ಏನ್ ತಡೀತಿತ್ತು? ಆದ್ರೂ ಇಡ್ತಿದ್ದೆ."

ತೊಲೆಗೆ ಇಂಥದೊಂದು ಅರ್ಥವಿರುವುದು ನನಗೆ ತಿಳಿದಿರಲಿಲ್ಲ. ಆಗಲೇ ನಮ್ಮ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು, ನಾವಿಬ್ಬರೂ ಅವಳ ಕೋಣೆಗೆ ಬಂದೆವು. ಬಿಟ್ಟುಕೊಟ್ಟ ಕೋಣೆಯ ಚಾವಣಿ ನುಣ್ಣಗೆ, ಸಪಾಟು. ಅಕ್ಕ ಗೊರಕೆ ಹೊಡೆದು ಮಲಗಿದಳು. ಊರಿನ ಮಾತು ಮತ್ತೆ ಎತ್ತಲಿಲ್ಲ.

ಆ ವಾರವೇ ತಾರಸಿ ಸೋರುವುದನ್ನು ನೋಡಲು ಬಂದ, ಈ ಮನೆ ಕಟ್ಟಿಸಿಕೊಟ್ಟ ಎಂಜಿನಿಯರು ಎಲ್ಲ ಕೆಡಿಸುವುದರಲ್ಲಿದ್ದರು. "ಆ ರೂಮಲ್ಲೂ ಬೀಮ್ ಐತಲ್ರಿ ಸರ್. ಕನ್ಸೀಲ್ಡ್. ಸ್ಲ್ಯಾಬಿನ ಒಳಗೇ ಮುಚ್ಚಿಬಿಟ್ಟೀವಿ. ಮಂಚದ ಮ್ಯಾಲೇ ಬರ್ತೈತೆ ನೋಡ್ರಿ" ಎಂದು ಅಕ್ಕನ ಹೊಸ ಕೋಣೆಯತ್ತ ಕೈ ತೋರಿ ಹೆಮ್ಮೆಯಿಂದ ವಿವರಿಸಿದರು. "ಮೆಲ್ಲಗ್ರಿ!" ಎಂದು ನಾನು ಕೈ ಮುಗಿಯುವಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಗೊತ್ತೈತೆ ಬಿಡ್ರಪ್ಪ" ಎಂದಳು ಅಕ್ಕ. "ತೊಲೆ ಇಲ್ದೆ ಮಾಳಿಗೆ ನಿಲ್ಲುತ್ತಾ? ಇದ್ರೆ ಇರ್ಲಿ. ಅದನ್ನ ನೋಡ್ಕಂತ ಮಲಗೋದು ಸಾಕಾಗೈತೆ ನಂಗೆ, ಅಷ್ಟೆ."

ಎಂಜಿನಿಯರಿಗೆ ಚಹಾ ಕೊಡು ಎಂದು ಗಿರಿಜಾಗೆ ಹೇಳಿ ಅವಳು ಮತ್ತೆ ಹೋಗಿ ಅಡ್ಡಾದಳು.

ಈಗ ಕಾಣುವ ಬೀಮಿನ ಕೆಳಗೆ ಮಲಗುವವನು ನಾನು. ಅದು ಎಷ್ಟು ಗಟ್ಟಿ ಎಂದು ಎಂಜಿನಿಯರು ಹೇಳಿದ್ದಾರೆ; ಅದು ತೊಲೆಯೇ ಅಲ್ಲ ಎಂದು ನಾನೇ ಸಾಬೀತುಪಡಿಸಿದ್ದೇನೆ. ನಿನ್ನೆ ಮಧ್ಯಾಹ್ನ ಗಿರಿಜಾ ಬಂದು ನೋಡಿ, "ಯಾಕ್ರೀ, ಹಲ್ಲಿ ಹಂಗೆ ಗೋಡೆಗೆ ಅಂಟ್ಕಂಡೀರಿ?" ಎಂದಳು. ಫ್ಯಾನಿನ ಗಾಳಿ ಈ ಮೂಲೆಗೇ ಚೆನ್ನಾಗಿ ಬರುತ್ತದೆ ಎಂದೆ. ಅವಳು ಮೇಲೆ ನೋಡಿದಳು. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು.